ಫೋಟೋ ಚಾಚಾರ ತೋರುಬೆರಳು

ಚಹಾ ಕುಡಿಯುವಾಗಲೂ ಅವರ ಬಲಗೈಯ ತೋರುಬೆರಳು ಸುಮ್ಮನಿರುತ್ತಿರಲಿಲ್ಲ. ಕಪ್ಪಿನ ಅಂಚಿನ ಮೇಲೆ ಬಾಗಿ ಕೂತಿರುತ್ತಿತ್ತು. ನಮ್ಮ ಅತ್ತೆ ಬಾಯಿತುಂಬ ನಕ್ಕರೆ ಒಮ್ಮೆ ಒತ್ತುತ್ತಿತ್ತು. ಬೆಕ್ಕು ಕಿಟಕಿಯ ಬಿಸಿಲಿನಲ್ಲಿ ಮೈ ಮುರಿದರೆ ಮತ್ತೊಮ್ಮೆ ಒತ್ತುತ್ತಿತ್ತು. ಬೆರಳ ಕೆಳಗೆ ಕ್ಯಾಮೆರಾ ಇರುತ್ತಿರಲಿಲ್ಲವಾದ್ದರಿಂದ ಚಹಾ ಮಾತ್ರ ಬಶಿಗೆ ತುಳುಕುತ್ತಿತ್ತು.

ಮೊನ್ನೆ ಅವರು ಸವಣೂರಿನಲ್ಲಿ ತೀರಿಕೊಂಡರು. ಸುದ್ದಿ ಕೇಳಿದವಳೇ ಒಲೆ ಆರಿಸಿ ಹೊರಟೆ. ಬಂಕಾಪುರದಲ್ಲಿ ಬಸ್ಸು ಬದಲಿಸಿ ಅವರ ಓಣಿ ಮುಟ್ಟುವಷ್ಟರಲ್ಲಿ ಗಂಡಸರು ಕಬ್ರಸ್ತಾನದಿಂದ ಹಿಂತಿರುಗುತ್ತಿದ್ದರು. ಕೆಲವರ ಪಾಯಿಜಾಮದ ಮೊಣಕಾಲಿಗೆ ಕೆಂಪು ಮಣ್ಣು ಅಂಟಿತ್ತು. ಚಾಚಾರ ಮುಖ ನನಗೆ ನೋಡಲು ಸಿಗಲಿಲ್ಲ. ಅವರ ಮನೆಯಲ್ಲಿ ತೀರಿಹೋದವರ ಫೋಟೋ ತೆಗೆಯುವ ರೂಢಿಯೂ ಇಲ್ಲ. "ನಾ ಹೋದ ದಿನ ಕ್ಯಾಮೆರಾಕ್ಕ ರಜಾ ನೋಡ್ರಿ ಅಕ್ಕಾರ" ಎಂದು ಅವರೇ ಒಮ್ಮೆ ನಗಾಡಿದ್ದು ನೆನಪಾಯಿತು.

ಹಾನಗಲ್ಲಿನ ನಮ್ಮ ಮನೆಯ ಕೆಳಗಿನ ಮಳಿಗೆಯಲ್ಲಿ ಅವರ ಸ್ಟುಡಿಯೋ ಇತ್ತು. ನಾನು ಸೊಸೆಯಾಗಿ ಬರುವುದಕ್ಕೂ ಮೊದಲಿನಿಂದ ಇತ್ತು. ಒಳಗೆ ಒಂದು ಕನ್ನಡಿ, ಹಲ್ಲು ಮುರಿದ ಬಾಚಣಿಕೆ, ಪೌಡರ್ ಡಬ್ಬಿ, ಮೊಳೆಗೆ ತೂಗುಹಾಕಿದ ಒಂದು ಕರಿ ಕೋಟು. ಹಾನಗಲ್ಲಿನ ಎಷ್ಟೋ ಗಂಡಸರು ಪಾಸ್‌ಪೋರ್ಟ್ ಅಳತೆಯ ಫೋಟೋದಲ್ಲಿ ತೊಟ್ಟಿರುವುದು ಅದೇ ಕೋಟನ್ನು. ತೆಳ್ಳಗಿದ್ದವರಿಗೆ ಬೆನ್ನ ಹಿಂದೆ ಅರಿವೆ ಒಣಹಾಕುವ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಿದ್ದರು. ಕ್ಲಿಪ್ಪು ಕಳೆದಾಗ ಮೇಲೆ ಬಂದು ನಮ್ಮ ಹಗ್ಗದಿಂದ ಒಯ್ಯುತ್ತಿದ್ದರು. ಊರೆಲ್ಲ ಅವರಿಗೆ ಫೋಟೋ ಚಾಚಾ ಎನ್ನುತ್ತಿತ್ತು. ಅತ್ತೆಯೂ ಹಾಗೇ ಕರೆಯುತ್ತಿದ್ದರು, ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದರೂ.

ಚಾಚಾ ನಾಲ್ಕು ತಾಲೂಕಿಗೆ ಗೊತ್ತಿದ್ದುದು ಮದುವೆಯ ಫೋಟೋದಿಂದಲ್ಲ. ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತೇವೆ. ವಿಭೂತಿ ಹಚ್ಚಿ, ಹಾರ ಹಾಕಿ, ಮನೆಮಂದಿಯೆಲ್ಲ ಸುತ್ತ ನಿಂತು ಕಡೆಯದೊಂದು ಫೋಟೋ ತೆಗೆಸುತ್ತೇವೆ. ಎಷ್ಟೋ ಹಳ್ಳಿಯ ಮುದುಕಿಯರಿಗೆ ಅದು ಮೊದಲನೆಯ ಫೋಟೋವೂ ಹೌದು. ಗೋಡೆಗೆ ಹಾಕಬೇಕೆಂದರೆ ಕಣ್ಣು ಮುಚ್ಚಿವೆ. ಆಗ ಜನ ಚಾಚಾನ ಹತ್ತಿರ ಬರುತ್ತಿದ್ದರು. ಅವರು ಆ ಫೋಟೋದ ಮೇಲೆ ಸಣ್ಣ ಬ್ರಷ್ಷಿನಿಂದ ತೆರೆದ ಕಣ್ಣು ಬರೆಯುತ್ತಿದ್ದರು.

"ಯಾರ ಕಣ್ಣಿಗೆ ಹೋಲ್ತಿದ್ವು?" ಇದು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ. ಮಗನೋ ತಂಗಿಯೋ ಮೊಮ್ಮಗಳೋ, ಯಾರನ್ನಾದರೂ ಕರೆತರಬೇಕು. ಅವರನ್ನು ಬಾಗಿಲ ಬೆಳಕಿಗೆ ಕೂಡ್ರಿಸಿ, ತಮ್ಮ ಎಡಗಣ್ಣು ಮುಚ್ಚಿಕೊಂಡು, ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದರು. ಆಮೇಲೆ "ಹೋಗ್ರಿ, ಆತು" ಎನ್ನುತ್ತಿದ್ದರು. "ಕಣ್ಣು ಮನಿತನದಾಗ ಇರ್ತಾವ್ರಿ ಅಕ್ಕಾರ. ಒಬ್ಬರು ಹ್ವಾದ್ರ ಇನ್ನೊಬ್ಬರ ಮಾರ್ಯಾಗ ಸಿಗ್ತಾವ. ಹುಡುಕಬೇಕಷ್ಟ." ಆ ಕಣ್ಣು ನೋಡಿ ಅಳದ ಮನೆ ಇರಲಿಲ್ಲವಂತೆ.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಕೋಟಿಗೆ ಧೂಳು ಹಿಡಿಯಿತು. ಮದುವೆಗೆ ಜನ ಸೇರಬಾರದೆಂದು ಆದ ಆ ರೋಗದ ದಿನಗಳಲ್ಲಿ, ಮನೆಯಲ್ಲೇ ಕೂತು ಮದುವೆ ನೋಡುವ ಹೊಸ ಪದ್ಧತಿ ಶುರುವಾಯಿತು. ಬೇರೆಯವರು ದೊಡ್ಡ ವಿಡಿಯೋ ಕ್ಯಾಮೆರಾ ತಂದರು. ಚಾಚಾನ ಹತ್ತಿರ ಇದ್ದದ್ದು ಫೋಟೋ ತೆಗೆಯುವ ಕ್ಯಾಮೆರಾ ಒಂದೇ. ಅದರಿಂದಲೇ ಲೈವ್ ಕಳಿಸಬಹುದೆಂದು ಯಾರೋ ಹೇಳಿದರು. ಅವರು ಅದರ ಜೊತೆ ಬಂದ ಪುಸ್ತಕ ಹಿಡಿದು ಮೇಲೆ ಬಂದರು.

"ಅಕ್ಕಾರ, ನೀವು ಕಾನ್ವೆಂಟ್‌ನಾಗ ಕಲತೀರಿ. ಇದರಾಗ ಏನ್ ಬರದಾರ ಸ್ವಲ್ಪ ಓದಿ ಹೇಳ್ರಿ. ಇರುವಿ ಸಾಲ ಹ್ವಾದಂಗ ಐತಿ ಅಕ್ಷರ."

ನಾನು ಅಕ್ಕಿ ಆರಿಸುತ್ತಾ ಓದಿದೆ. ನನಗೆ ಇಂಗ್ಲಿಷ್ ಬರುತ್ತಿತ್ತು, ಕ್ಯಾಮೆರಾ ಬರುತ್ತಿರಲಿಲ್ಲ. ಅವರಿಗೆ ಅದರ ತಿರುವುಮುರುವು. ಇಬ್ಬರೂ ಸೇರಿ ತಡಕಾಡಿದೆವು. ಕ್ಯಾಮೆರಾದಿಂದ ಒಂದು ವೈರು ಸಣ್ಣ ಡಬ್ಬಿಗೆ, ಡಬ್ಬಿಯಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ನೆಟ್ಟಿಗೆ. ಪರೀಕ್ಷೆಗೆಂದು ಅವರು ಕೆಳಗೆ ಸ್ಟುಡಿಯೋದಲ್ಲಿ, ನಾನು ಮೇಲೆ ಅಡುಗೆಮನೆಯಲ್ಲಿ ಮೊಬೈಲು ಹಿಡಿದು ಕೂತೆ.

"ಕಾಣತದೇನ್ರಿ?" ಮೆಟ್ಟಿಲ ಬುಡದಿಂದ ಕೂಗು.

"ಕೋಟು ಕಾಣತೈತ್ರಿ. ಮ್ಯಾಲೆ ಬ್ಯಾಟರಿ ಚಿತ್ರ, ಅಂಕಿ, ಒಂದ್ ಹಳದಿ ಚೌಕ, ಎಲ್ಲಾ ಕಾಣತೈತಿ."

"ಅದನ್ನ ತಗೀಬೇಕು ತಡೀರಿ. ಮದಿಮಗಳ ಹಣಿಮ್ಯಾಲೆ ಬ್ಯಾಟರಿ ಮೂಡಿದ್ರ ಹೊಡೀತಾರ ನನ್ನ."

ಪರದೆಯ ಮೇಲಿನ ಗುರುತುಗಳೆಲ್ಲ ಹೋಗಲು ಒಂದು ಮಧ್ಯಾಹ್ನವೇ ಹಿಡಿಯಿತು. ಆಮೇಲೆ ಕ್ಯಾಮೆರಾ ತಾನಾಗಿ ನಿದ್ದೆ ಹೋಗುವುದನ್ನು ಬಿಡಿಸಿದರು. ಬ್ಯಾಟರಿ ಬೇಗ ತೀರುತ್ತದೆಂದು, ಬ್ಯಾಟರಿಯ ಆಕಾರದ್ದೇ ಒಂದು ತುಂಡು ತಂದು ಒಳಗಿಟ್ಟು ಗೋಡೆಯಿಂದ ಕರೆಂಟು ಕೊಟ್ಟರು. ಕ್ಯಾಮೆರಾದ ಮೈ ಕಾದರೆ ಬೀಸಲು ಅತ್ತೆಯ ಬೀಸಣಿಕೆ ಒಯ್ದರು. ಒಂದು ಮಾತ್ರ ಸರಿಯಾಗಲಿಲ್ಲ. ಕೆಳಗೆ ಅವರು ಡಬ್ಬಿಯ ಮುಚ್ಚಳ ಬೀಳಿಸಿದರೆ ಸದ್ದು ಮೆಟ್ಟಿಲು ಹತ್ತಿ ನನಗೆ ಕೇಳಿಸುತ್ತಿತ್ತು. ಮೊಬೈಲಿನಲ್ಲಿ ಮುಚ್ಚಳ ಇನ್ನೂ ಅವರ ಕೈಯಲ್ಲೇ ಇರುತ್ತಿತ್ತು. ಎರಡು ತುತ್ತು ಉಣ್ಣುವಷ್ಟು ಹೊತ್ತು ಕಳೆದ ಮೇಲೆ ಬೀಳುತ್ತಿತ್ತು. "ಅಷ್ಟು ದೂರ ಹೋಗಿ ಬರಬೇಕಲ್ರಿ ಚಿತ್ರ. ದಣೀತದ" ಎಂದು ಅವರು ಸಮಾಧಾನ ಹೇಳಿದರು.

ಪುಸ್ತಕದಲ್ಲಿ ಮಾಡು ಎಂದದ್ದಕ್ಕಿಂತ ಮಾಡಬೇಡ ಎಂದದ್ದೇ ಹೆಚ್ಚು. ಮುಖ್ಯವಾದದ್ದು, ಲೈವ್ ಹೋಗುತ್ತಿರುವಾಗ ಫೋಟೋದ ಗುಂಡಿ ಒತ್ತಬಾರದು. ಒತ್ತಿದರೆ ಕ್ಯಾಮೆರಾ ಫೋಟೋ ತೆಗೆಯುತ್ತದೆ, ಲೈವ್ ಕಡಿಯುತ್ತದೆ. ನಾನು ಓದಿ ಹೇಳಿದೆ. ಚಾಚಾ ಕೈಮುಗಿದು "ಒತ್ತಂಗಿಲ್ಲ" ಎಂದರು. ಮರುಕ್ಷಣ ನಮ್ಮ ಬೆಕ್ಕು ಕೆಳಗಿಳಿದು ಕೋಟಿನ ಪಕ್ಕ ಆಕಳಿಸಿತು. ನನ್ನ ಮೊಬೈಲು ಕಪ್ಪಾಯಿತು.

"ಚಾಚಾ!"

"ಬೆಕ್ಕು ಭಾಳ ಛಲೋ ಬಂತ್ರಿ ಅಕ್ಕಾರ..."

ಬೆರಳು ಮತ್ತೆ ಮತ್ತೆ ಹಾಗೇ ಮಾಡಿತು. ಕೊನೆಗೆ ನಾನು ಗಾಯಕ್ಕೆ ಹಚ್ಚುವ ಪಟ್ಟಿಯೊಂದನ್ನು ಕೊಟ್ಟೆ. ಅದನ್ನು ಗುಂಡಿಯ ಮೇಲೆ ಅಂಟಿಸಿಕೊಂಡರು. ಬೆರಳಿಗೆ ಪಟ್ಟಿಯ ದೊರಗು ತಾಗಿದರೆ ನೆನಪಾಗಲಿ ಎಂದು. ಅತ್ತೆ ನೋಡಿ ನಕ್ಕರು. "ಚಾಚಾ, ನಾ ಸತ್ತಾಗ ಲೈವ್ ಮಾಡ್ತಿಯಂತ. ಮಾರಿ ಸ್ವಲ್ಪ ಬೆಳ್ಳಗ ಮಾಡು, ಕಣ್ಣು ತಗಿ."

ಚಾಚಾ ನಗಲಿಲ್ಲ. "ಲೈವ್‌ನಾಗ ಕಣ್ಣು ತಗಿಯಾಕ ಬರೂದಿಲ್ಲವಾ. ಇದ್ದಂಗ ಹೋಗತದ."

ಶಿಗ್ಗಾಂವಿಯ ಒಂದು ಮದುವೆಗೆ ನಾವೂ ಹೋಗಿದ್ದೆವು. ಅಲ್ಲಿ ಚಾಚಾನ ಕ್ಯಾಮೆರಾ ಕಂಡವರೆಲ್ಲ ಅದರ ಎದುರು ಕೈ ಜೋಡಿಸಿಕೊಂಡು, ಉಸಿರು ಬಿಗಿಹಿಡಿದು, ಕಂಬದಂತೆ ನಿಲ್ಲುತ್ತಿದ್ದರು. "ಅಲ್ಲಾಡ್ರಿ! ಲೈವ್ ಐತ್ರಿ, ಅಲ್ಲಾಡ್ರಿ!" ಎಂದು ಅವರು ಕೂಗುತ್ತಿದ್ದರು. ವರನ ಸೋದರಮಾವ ಬಹಳ ಹೊತ್ತು ನಿಂತು ಬೆವೆತು, ತುಟಿ ಅಲ್ಲಾಡಿಸದೆ, "ಹೊಡದಿ ಏನ್?" ಎಂದ.

"ಹೊಡಿಯಂಗಿಲ್ರಿ ಮಾಮಾ, ಹರಿಯಾಕತ್ತೈತಿ. ನೀವು ಹೋಗಿ ಊಟ ಮಾಡ್ರಿ."

ಆ ದಿನ ಅವರ ಮುಖದಲ್ಲಿ ನಗುವಿತ್ತು. ಆದರೆ ಪಕ್ಕದಲ್ಲಿ ನಿಂತ ನನಗೆ ಬೆರಳೇ ಕಾಣುತ್ತಿತ್ತು. ಅಕ್ಷತೆ ಬಿದ್ದ ಹೊತ್ತಿಗೆ ಅದು ಪಟ್ಟಿಯ ಮೇಲೆ ನಡುಗುತ್ತಾ ನಿಂತಿತ್ತು, ಒತ್ತಲಿಲ್ಲ. ಚಾಚಾ ತುಟಿ ಕಚ್ಚಿಕೊಂಡಿದ್ದರು.

ನನ್ನ ಅವ್ವ ಮಾಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಅವಳು ತೀರಿಕೊಂಡ ವಾರ ನಾನು ಗರ್ಭಕೋಶದ ಆಪರೇಷನ್ ಮಾಡಿಸಿಕೊಂಡು ಹುಬ್ಬಳ್ಳಿಯಿಂದ ಮನೆಗೆ ಬಂದಿದ್ದೆ. ಹೊಲಿಗೆ ಹಸಿಯಿತ್ತು, ಜ್ವರವೂ ಬಂದಿತ್ತು. ತಿಳವಳ್ಳಿ, ಹಿರೇಕೆರೂರು ದಾಟಿ ಮಾಸೂರಿಗೆ ಆ ರಸ್ತೆಯಲ್ಲಿ ಹೋಗುವ ಮಾತೇ ಇಲ್ಲ ಎಂದು ಡಾಕ್ಟರು ಫೋನಿನಲ್ಲೇ ಗದರಿಸಿದರು. ನಾನು ಹಾಸಿಗೆಯಿಂದ ಇಳಿದು ಬಾಗಿಲತನಕ ಹೋದೆ. ಅತ್ತೆ ಅಡ್ಡ ನಿಂತರು.

"ಮಾರಿ ಒಂದ್ ನೋಡಿ ಬರ್ತೇನ್ರಿ ಅತ್ತಿ. ಮಾರಿ ಅಷ್ಟ."

ಅವ್ವನದೊಂದೂ ನೆಟ್ಟಗಿನ ಫೋಟೋ ಇರಲಿಲ್ಲ. ಬೆಳಕು ಹೊಡೆದ ಕೂಡಲೇ ಅವಳು ಕಣ್ಣು ಮುಚ್ಚುತ್ತಿದ್ದಳು. ನನ್ನ ಮದುವೆಯ ಆಲ್ಬಮ್ಮಿನಲ್ಲೂ ಅಷ್ಟೇ, ಎಲ್ಲರೂ ನಗುತ್ತಿದ್ದರೆ ಅವಳು ನಿದ್ದೆ ಮಾಡುತ್ತಿದ್ದಾಳೆ. ಮೊಬೈಲಿನಲ್ಲಿ ಮಾತಾಡುವಾಗಲೂ ಕಿವಿಗಿಟ್ಟುಕೊಳ್ಳುತ್ತಿದ್ದಳೇ ಹೊರತು ಮುಖದ ಮುಂದೆ ಹಿಡಿಯುತ್ತಿರಲಿಲ್ಲ. ಇದೆಲ್ಲ ಚಾಚಾನಿಗೆ ಗೊತ್ತಿತ್ತು, ನಾನೇ ಹೇಳಿ ನಕ್ಕಿದ್ದೆ. ಅವಳನ್ನು ಅವರು ನೋಡಿರಲಿಲ್ಲ.

ಕೂಗಾಟ ಕೇಳಿ ಚಾಚಾ ಮೇಲೆ ಬಂದರು. "ನಾ ಹೋಗ್ತೇನ್ರಿ. ಮೊಬೈಲ್‌ದಾಗ ಹಿಡದ್ರ ಕೈ ನಡಗತಾವ, ಮಸಕ ಬರತದ. ನಾ ತೋರಸ್ತೇನಿ ನಿಮ್ಮ ಅವ್ವನ್ನ. ಎದರಿಗೆ ಕುಂತಂಗ ತೋರಸ್ತೇನಿ." ನಮ್ಮವರು ಅವರನ್ನು ಕಾರಿನಲ್ಲಿ ಕೂಡ್ರಿಸಿಕೊಂಡು ಹೋದರು. ಲ್ಯಾಪ್‌ಟಾಪು, ವೈರು, ಸ್ಟ್ಯಾಂಡು, ಅತ್ತೆಯ ಬೀಸಣಿಕೆ.

ಮಧ್ಯಾಹ್ನ ನನ್ನ ಮೊಬೈಲಿನಲ್ಲಿ ಮಾಸೂರಿನ ಅಂಗಳ ಮೂಡಿತು. ಎಷ್ಟು ಸ್ಪಷ್ಟವಿತ್ತೆಂದರೆ ಬಾಗಿಲ ತೋರಣದಲ್ಲಿ ಒಣಗಿದ ಮಾವಿನೆಲೆಯ ಗೀರುಗಳನ್ನು ಎಣಿಸಬಹುದಿತ್ತು. ಮೇಲೆ ಬ್ಯಾಟರಿಯ ಚಿತ್ರವಿಲ್ಲ, ಹಳದಿ ಚೌಕವಿಲ್ಲ. ಅವ್ವ ಕುರ್ಚಿಯಲ್ಲಿ ಕೂತಿದ್ದಳು. ಆದರೆ ಹಾರಗಳು ಗಲ್ಲದಿಂದ ಹಣೆಯತನಕ ಏರಿದ್ದವು. ಬಂದವರೆಲ್ಲ ಅವಳ ಮೇಲೆ ಬಾಗಿ ಅಳುತ್ತಿದ್ದರು. ನನಗೆ ಕಂಡದ್ದು ಹೆಂಗಸರ ತುರುಬು, ಬೆನ್ನು, ಹೂವು. ಹೂವಿನ ನಡುವೆ ಆಗಾಗ ವಿಭೂತಿಯ ಒಂದು ಗೆರೆ.

ಇನ್ನೇನು ಎತ್ತುತ್ತಾರೆ ಎನ್ನುವಾಗ ನಮ್ಮವರು ಅತ್ತೆಯ ಫೋನಿಗೆ ಕರೆ ಮಾಡಿ ಲೈನು ಹಾಗೇ ಹಿಡಿದರು. ಅತ್ತೆ ಫೋನನ್ನು ನನ್ನ ದಿಂಬಿನ ಮೇಲಿಟ್ಟರು. ಭಜನೆಯ ತಾಳ, ಅದರ ನಡುವೆ ಅಣ್ಣನ ಒಡೆದ ದನಿ: "ಸರೀರಿ ಎಲ್ಲಾರೂ, ಸರೀರಿ. ಹಾರ ತಗೀತೇನಿ. ತಂಗಿ, ನೋಡವಾ. ಅವ್ವನ ಮಾರಿ ನೋಡ್ಕೋ."

ಮೊಬೈಲಿನಲ್ಲಿ ಇನ್ನೂ ಹೂವೇ ಇತ್ತು. ಚಿತ್ರ ದೂರ ಹೋಗಿ ಬರಬೇಕು, ನನಗೆ ಗೊತ್ತಿತ್ತು. ಅಲ್ಲಿ ಹಾರ ತೆಗೆದಾಗಿತ್ತು. ಇಲ್ಲಿ ತೆಗೆಯುವುದಿತ್ತು. ನಾನು ಮೊಬೈಲನ್ನು ಮೂಗಿನ ಹತ್ತಿರ ತಂದುಕೊಂಡು ಕಾದೆ. ಹೆಂಗಸರು ಸರಿದರು. ಅಣ್ಣನ ಕೈ ಬಂತು. ಬೆರಳು ಹಾರದ ಎಳೆಯ ಕೆಳಗೆ ಹೋಯಿತು, ಎತ್ತಿತು.

ಪರದೆ ಕಪ್ಪಾಯಿತು.

"ಕರ್ರಗ ಆಗೇತೋ! ಚಾಚಾಗ ಹೇಳೋ!" ಅತ್ತೆ ಫೋನಿಗೆ ಬಾಯಿ ಹಚ್ಚಿ ಚೀರಿದರು. "ನಿಂದರಸ್ರೋ ಅವರನ್ನ, ಇಕಿ ನೋಡಿಲ್ಲ ಇನ್ನಾ!"

ಆ ಕಡೆ ಗದ್ದಲ. ನಮ್ಮವರು ಯಾರನ್ನೋ ಬೇಡಿಕೊಳ್ಳುವುದು ಕೇಳಿಸಿತು. ಒಬ್ಬ ಹಿರಿಯರ ದನಿ ಗಟ್ಟಿಯಾಗಿ ಹೇಳಿತು: "ಎತ್ತಿದ ಮ್ಯಾಲೆ ಇಳಸೂದಿಲ್ರಿ. ನಡೀರಿ."

ಚಿತ್ರ ತಿರುಗಿ ಬಂದಾಗ ಅಂಗಳ ಖಾಲಿಯಾಗಿತ್ತು. ಕುರ್ಚಿ ಇತ್ತು, ಅದರ ಮೇಲೆ ಜಜ್ಜಿದ ಚೆಂಡುಹೂವು. ಎಷ್ಟು ಸ್ಪಷ್ಟವಿತ್ತು! ಒಂದು ಕೈ ಬಂದು ಕುರ್ಚಿಯನ್ನು ಬೋರಲು ಹಾಕಿ ನೀರು ಸುರಿಯಿತು.

ಮರುದಿನ ಸಂಜೆ ಚಾಚಾ ಮೇಲೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆ ನಿಂತರು.

"ನಾ ಒತ್ತಿಬಿಟ್ಟೆರಿ ಅಕ್ಕಾರ."

"ಪಟ್ಟಿ ಹಚ್ಚಿದ್ದಿಲ್ಲೇನು?" ಅತ್ತೆ ಕೇಳಿದರು.

"ಹಚ್ಚಿದ್ದೆವಾ. ಪಟ್ಟಿ ಮ್ಯಾಲಿಂದನ ಒತ್ತೇನಿ. ಹಾರ ತಗದ್ರು, ಬೇವಿನ ಗಿಡದಾಗಿಂದ ಬಿಸಲು ಬಂದು ಅವ್ವಾರ ಮಾರಿ ಮ್ಯಾಲೆ ಬಿತ್ತು. ಅಂಥಾ ಬೆಳಕು ನಾ ನೋಡಿದ್ದಿಲ್ಲ. ಲೈವ್ ಅನ್ನೂದ ಮರತೆ. ಎಲ್ಲಾ ಮರತೆ." ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, "ಫೋಟೋ ಬಂದೈತ್ರಿ. ಛಲೋ ಬಂದೈತಿ" ಎಂದವರು ತಮ್ಮ ಮಾತಿಗೆ ತಾವೇ ಬೆಚ್ಚಿದಂತೆ ಬಾಯಿಗೆ ಕೈ ಹಿಡಿದರು.

"ಇರಲಿ ಬಿಡ್ರಿ ಚಾಚಾ" ಎಂದೆ. ಅತ್ತು ಅತ್ತು ನನ್ನ ಕಣ್ಣು ಊದಿದ್ದವು. ಅವರು ಹೋಗಲಿಲ್ಲ. ಬಾಗಿಲ ಬೆಳಕಿನಲ್ಲಿ ನಿಂತು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಅದು ಕ್ಷಮೆ ಕೇಳುವ ನೋಟ ಎಂದುಕೊಂಡೆ. ಅವರ ಎಡಗಣ್ಣು ಮುಚ್ಚಿದ್ದು ಕಂಡರೂ ನನಗೆ ಹೊಳೆಯಲಿಲ್ಲ.

ಅವ್ವನ ಕ್ರಿಯಾಕರ್ಮದ ಹೊತ್ತಿಗೆ ಫೋಟೋ ತಂದುಕೊಟ್ಟರು. ಚೌಕಟ್ಟು ಹಾಕಿಸಿ, ಹಳೆಯ ಪೇಪರಿನಲ್ಲಿ ಸುತ್ತಿ. ನಾನು ಬಿಚ್ಚಿದೆ. ಅವ್ವನ ಹಣೆ, ಅವ್ವನ ಮೂಗುಬೊಟ್ಟು, ಬಾಯಿ ಮುಚ್ಚಿದರೂ ಒಂದು ಬದಿಗೆ ವಾರೆಯಾಗುವ ಅವಳ ತುಟಿ. ಚಾಚಾ ಹೇಳಿದ ಬಿಸಿಲು ನಿಜವಾಗಿಯೂ ಅವಳ ಕೆನ್ನೆಯ ಮೇಲಿತ್ತು. ಕಣ್ಣು ತೆರೆದಿದ್ದವು.

ಅವು ನನ್ನ ಕಣ್ಣು.

ನಾನು ಅಪ್ಪನ ಕಡೆಯ ಕಣ್ಣಿನವಳು ಎಂದು ಚಾಚಾನಿಗೆ ಯಾರು ಹೇಳಬೇಕು? ಯಾರಿಗೆ ಹೋಲುತ್ತಿದ್ದವು ಎಂದು ಈ ಸಲ ಅವರು ಕೇಳಿರಲಿಲ್ಲ, ಕೇಳಲು ಮುಖವಿರಲಿಲ್ಲ. ತಾಯಿಯ ಕಣ್ಣು ಮಗಳಲ್ಲಿ ಸಿಗುತ್ತವೆ ಎಂದು ತಾವೇ ಹುಡುಕಿಕೊಂಡು ಹೋಗಿದ್ದರು. ಅಂದು ಹೊಸ್ತಿಲಲ್ಲಿ ಕಂಡದ್ದನ್ನು ಒಂದಿಷ್ಟೂ ಬಿಡದೆ ಬರೆದಿದ್ದರು. ಊದಿದ ರೆಪ್ಪೆ, ಅಂಚಿನ ಕೆಂಪು, ಅತ್ತು ಮುಗಿದ ಮೇಲಿನ ಆ ಬರಿದು. ನನ್ನ ಅವ್ವ ಆಗಷ್ಟೇ ಅತ್ತು ಕಣ್ಣೊರೆಸಿಕೊಂಡು ಕೂತವಳಂತೆ ನನ್ನನ್ನು ನೋಡುತ್ತಿದ್ದಳು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ಅರಿವೆಯನ್ನು ಬೆಳಕಿಗೆ ಹಿಡಿದು ಹೊಲಿಗೆಯ ಟಾಕು ಎಲ್ಲಾದರೂ ಕಾಣುತ್ತದೇನೋ ಎಂದು ನೋಡುತ್ತಿದ್ದರು. ನಾನೂ ಹಾಗೆ ಫೋಟೋವನ್ನು ಓರೆ ಮಾಡಿ ನೋಡಿದೆ. ಬ್ರಷ್ಷಿನ ಗೆರೆ ಎಲ್ಲಿಯೂ ಕಾಣಲಿಲ್ಲ.

ಚಾಚಾ ನಿಂತೇ ಇದ್ದರು. ಎರಡೂ ಕೈ ಬೆನ್ನ ಹಿಂದೆ.

"ಹೌದೇನ್ರಿ ಅಕ್ಕಾರ? ಹಂಗ ಅದಾವೇನ್ರಿ, ಅವ್ವಾರವು?"

ಅತ್ತೆ ನನ್ನನ್ನು ನೋಡಿದರು. ಅವರಿಗೂ ಗೊತ್ತಾಗಿತ್ತು.

"ಹೌದ್ರಿ ಚಾಚಾ. ಹಂಗ ಅದಾವ."

ಅವರು ಕಣ್ಣು ಮುಚ್ಚಿ ಏನೋ ಮಣಮಣಿಸಿ, ಮೆಟ್ಟಿಲಿಳಿದು ಹೋದರು. ಚಹಾ ಕುಡಿಯಲು ಕೂಡ್ರಲಿಲ್ಲ.

ಆ ಮೇಲೆ ಅವರು ಲೈವ್ ಮಾಡಲಿಲ್ಲ. ಜನ ಬಂದು ಕೇಳಿದರೆ "ಬೆರಳು ಮಾತು ಕೇಳೂದಿಲ್ರಿ" ಎಂದು ಕಳಿಸುತ್ತಿದ್ದರು. ಕ್ಯಾಮೆರಾ ಮಾರಿದರು. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಮೇಲೆ ಬಂದಾಗ ನನ್ನನ್ನು ದನಿಯಿಂದ ಗುರುತಿಸುವಷ್ಟಾಯಿತು. ಒಂದು ದಿನ ಮಳಿಗೆಯ ಬೀಗದಕೈ ಕೊಟ್ಟು ಸವಣೂರಿಗೆ ಹೋದರು. ಕೋಟು ಮಾತ್ರ ಮೊಳೆಗೇ ಬಿಟ್ಟಿದ್ದರು, ಬೆನ್ನಿಗೆ ನಮ್ಮ ಕ್ಲಿಪ್ಪು ಹಾಗೇ ಇತ್ತು. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ.

ಮೊನ್ನೆ ಸವಣೂರಿನ ಒಳಕೋಣೆಯಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. "ನಿಮ್ಮ ಅವ್ವಾರದ ಕಡೀ ಫೋಟೋರಿ. ಅದಾದ ಮ್ಯಾಲೆ ಬ್ರಷ್ ಮುಟ್ಟಲಿಲ್ಲ. ‘ಕೆಡಿಸಿದ್ದೂ ನಾನ, ತಿದ್ದಿದ್ದೂ ನಾನ. ಅಕ್ಕಾರು ಹೌದು ಅಂದಾರ’ ಅಂತ ಹೇಳ್ತಿದ್ರು. ಕಣ್ಣು ಹ್ವಾದ ಮ್ಯಾಲೆ ಅದೊಂದ ಮಾತು." ನಾನು ತಲೆಯಾಡಿಸಿದೆ. ಚಾಚಾ ಅದನ್ನು ನಂಬಿಕೊಂಡೇ ಹೋದರು. ಅಷ್ಟಾದರೂ ಆಯಿತಲ್ಲ ಎಂದು ಬರುವಾಗ ಬಸ್ಸಿನಲ್ಲಿ ನೂರು ಸಲ ಅಂದುಕೊಂಡೆ. ಸಮಾಧಾನವಾಗಲಿಲ್ಲ.

ಆ ಫೋಟೋವನ್ನೇ ದೊಡ್ಡದು ಮಾಡಿಸಿ ಅಣ್ಣ ಮಾಸೂರಿನ ನಡುಮನೆಯಲ್ಲಿ ಹಾಕಿದ್ದಾನೆ. ಬಂದವರು ಫೋಟೋ ನೋಡಿ, ನನ್ನನ್ನು ನೋಡಿ, "ತಾಯಿನ್ನ ಹೊತ್ತಂಗ ಅದಾಳ ನೋಡ್ರಿ ಮಗಳು, ಕಣ್ಣಂತೂ ತಾಯೀವ" ಎನ್ನುತ್ತಾರೆ. ಮೊದಮೊದಲು ಅಣ್ಣ ನನ್ನ ಮುಖ ನೋಡಿ ಮಾತು ಬದಲಿಸುತ್ತಿದ್ದ. ಈಗ ಅವನೂ ಹೌದೆನ್ನುತ್ತಾನೆ.

ಹೋದ ಸಲ ಹೋದಾಗ ಅಣ್ಣನ ಸಣ್ಣ ಮಗಳಿಗೆ ಫೋಟೋದ ಕೆಳಗೆ ಕೂತು ಜಡೆ ಹಾಕುತ್ತಿದ್ದೆ. ಅಜ್ಜಿ ಹೋದಾಗ ಅವಳು ತೊಟ್ಟಿಲಲ್ಲಿದ್ದಳು. ತಲೆ ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತಾ ಕೇಳಿದಳು: "ಅತ್ತಿ, ಅಜ್ಜಿ ಯಾಕ ಅತ್ತಾಳ?"

ಅವು ಅಜ್ಜಿಯ ಕಣ್ಣಲ್ಲ ಎನ್ನಲು ಬಾಯಿ ತೆರೆದೆ. ಹಂಗಾದ್ರ ಅಜ್ಜೀವು ಹ್ಯಾಂಗಿದ್ವು ಎಂದು ಹುಡುಗಿ ಕೇಳದೇ ಬಿಡುತ್ತಾಳೆಯೇ? ಅವ್ವನ ಎಡಗಣ್ಣಿನ ಬಿಳುಪಿನಲ್ಲಿ ಸಾಸಿವೆಯಷ್ಟು ಒಂದು ಕಂದು ಚುಕ್ಕಿ ಇತ್ತು. ಅದು ಮಾತಾಗಿ ನೆನಪಿದೆ. ಚುಕ್ಕಿಯ ಸುತ್ತ ಕಣ್ಣು ಕೂಡಿಸಲು ಹೋದರೆ ಇವೇ ಬಂದು ಕೂಡುತ್ತವೆ, ಊದಿದವು, ನನ್ನವು.

"ತಲಿ ಅಲ್ಲಾಡಸಬ್ಯಾಡ" ಎಂದು ಅವಳ ಮುಖ ಮುಂದಕ್ಕೆ ತಿರುಗಿಸಿ, ಜಡೆಯ ತುದಿಗೆ ರಿಬ್ಬನ್ನು ಬಿಗಿದೆ.